ಕೋರ್ಟಿನ ತಾರೀಖು, ಕಿತ್ತಳೆಯ ಆಯಸ್ಸು

ಹಣ್ಣಿನಂಥ ಕೊಳೆಯೋ ಸರಕಿನ ಆಮದಿಗೆ ಸರ್ಕಾರ ತಡೆ ಹಾಕಿದಾಗ ಕೋರ್ಟುಗಳು ಏನು ಮಾಡ್ತವೆ ಅನ್ನೋದು ಇವತ್ತಿನ ವಿಷಯ, ಎರಡೇ ಎರಡು ದ್ರಾಕ್ಷಿ ಹಣ್ಣಿನಿಂದ ಶುರು ಮಾಡ್ತೀನಿ. 1989ರ ಮಾರ್ಚ್ ತಿಂಗಳು. ಚಿಲಿ ದೇಶದ ಸಾಂಟಿಯಾಗೋದಲ್ಲಿರೋ ಅಮೆರಿಕದ ರಾಯಭಾರ ಕಚೇರಿಗೆ ಯಾರೋ ಫೋನ್ ಮಾಡ್ತಾರೆ, ಇಲ್ಲಿಂದ ನಿಮ್ಮ ದೇಶಕ್ಕೆ ಬರ್ತಿರೋ ಹಣ್ಣಲ್ಲಿ ಸಯನೈಡ್ ಇದೆ ಅಂತ. ಹೆಸರಿಲ್ಲ, ವಿಳಾಸ ಇಲ್ಲ. ಹತ್ತು ದಿನ ಆದ್ಮೇಲೆ ಫಿಲಡೆಲ್ಫಿಯಾ ಬಂದರಿಗೆ ಬಂದಿದ್ದ ಅಲ್ಮೇರಿಯಾ ಸ್ಟಾರ್ ಅನ್ನೋ ಹಡಗಿನ ದ್ರಾಕ್ಷಿ ಚೆಕ್ ಮಾಡ್ತಾ ಇದ್ದ ಇನ್‌ಸ್ಪೆಕ್ಟರ್‌ಗಳಿಗೆ ಎರಡು ಹಣ್ಣು ಯಾಕೋ ಸರಿ ಇಲ್ಲ ಅನ್ಸುತ್ತೆ, ಲ್ಯಾಬ್‌ಗೆ ಕಳಿಸ್ತಾರೆ, ಲ್ಯಾಬ್ ಹೌದು ಸಯನೈಡ್ ಇದೆ, ತೀರಾ ಕಮ್ಮಿ ಪ್ರಮಾಣ ಅನ್ನುತ್ತೆ. ಮರುದಿನ ಚಿಲಿಯ ಹಣ್ಣೆಲ್ಲಾ ಬಂದ್. ಹಡಗಲ್ಲಿರೋದು, ಗೋಡೌನಲ್ಲಿರೋದು, ಅಂಗಡಿಯಲ್ಲಿರೋದು, ಎಲ್ಲಾ. ಕೆಲವೇ ದಿನದಲ್ಲಿ ನಿರ್ಬಂಧ ಸಡಿಲ ಆಯ್ತು, ಬೇರೆ ಎಲ್ಲೂ ವಿಷದ ಹಣ್ಣು ಸಿಗಲೂ ಇಲ್ಲ. ಆದ್ರೆ ಆ ಕೆಲವೇ ದಿನದಲ್ಲಿ ಒಂದು ದೇಶದ ಪೂರ್ತಿ ಸೀಸನ್ ಮಣ್ಣುಪಾಲಾಗಿತ್ತು.

ಬೆಳೆಗಾರರು, ಎಕ್ಸ್‌ಪೋರ್ಟರ್‌ಗಳು, ಅಲ್ಲಿನ ಇಂಪೋರ್ಟರ್‌ಗಳು ಸೇರ್ಕೊಂಡು ಅಮೆರಿಕ ಸರ್ಕಾರದ ಮೇಲೇ ಕೇಸ್ ಹಾಕಿದ್ರು, ನಿಮ್ಮ ಲ್ಯಾಬಿನವರು ಟೆಸ್ಟ್ ಸರಿಯಾಗಿ ಮಾಡಿಲ್ಲ, ನಮಗೆ ನಷ್ಟ ಕಟ್ಟಿಕೊಡಿ ಅಂತ. ಫಿಶರ್ ಬ್ರದರ್ಸ್ ಕೇಸ್ ಅಂತ ಅದರ ಹೆಸರು. 1995ರಲ್ಲಿ ಅಲ್ಲಿನ ಫೆಡರಲ್ ಮೇಲ್ಮನವಿ ಕೋರ್ಟ್ ಏನಂದ್ರೆ, ಹಣ್ಣು ತಡೆಯೋ ತೀರ್ಮಾನ ಆಹಾರ ಸುರಕ್ಷತಾ ಕಮಿಷನರ್ ವಿವೇಚನೆಗೆ ಬಿಟ್ಟ ನೀತಿಯ ವಿಷಯ, ಅದರ ಹಿಂದೆ ಲ್ಯಾಬಿನ ತಪ್ಪು ಇದ್ರೂ ಸರ್ಕಾರದ ಹತ್ರ ಪರಿಹಾರ ಕೇಳೋಕಾಗಲ್ಲ. ಆರು ವರ್ಷ ನಡೆದು ಕೈಗೆ ಒಂದು ಪೈಸೆ ಬರಲಿಲ್ಲ.

ಈಗ ಇದರ ಪಕ್ಕದಲ್ಲೇ ಇನ್ನೊಂದು ಕೇಸ್ ಇಡ್ತೀನಿ. ಅದೂ ಚಿಲಿಯದ್ದೇ, ಇದಕ್ಕಿಂತ ಒಂದು ವರ್ಷ ಹಿಂದಿನದು, ಆದ್ರೆ ಹಣ್ಣು ಸೇಬು, ಜಾಗ ಯುರೋಪ್. 1988ರ ಮಾರ್ಚ್ ಕೊನೆಗೆ ಸೋಫ್ರಿಂಪೋರ್ಟ್ ಅನ್ನೋ ಫ್ರೆಂಚ್ ಕಂಪನಿಯ ಸೇಬು ಚಿಲಿಯಿಂದ ಹಡಗು ಹತ್ತಿದೆ. ಹಡಗು ಇನ್ನೂ ನಡುಸಮುದ್ರದಲ್ಲಿದೆ, ಏಪ್ರಿಲ್‌ನಲ್ಲಿ ಯುರೋಪಿಯನ್ ಕಮಿಷನ್ ಚಿಲಿ ಸೇಬಿಗೆ ಲೈಸೆನ್ಸ್ ಕೊಡೋದನ್ನ ನಿಲ್ಲಿಸಿಬಿಡ್ತು, ನಮ್ಮ ಸೇಬಿನ ಸ್ಟಾಕ್ ಜಾಸ್ತಿ ಆಗಿದೆ ಅಂತ. ಕಂಪನಿ ಕೋರ್ಟಿಗೆ ಹೋಯ್ತು. ಅವರ ಅದೃಷ್ಟ ನೋಡಿ, ಯುರೋಪಿನ ಆ ನಿಯಮದಲ್ಲೇ ಒಂದು ಸಾಲು ಬರೆದಿತ್ತು, ಇಂಥ ನಿರ್ಬಂಧ ತರುವಾಗ ದಾರಿಯಲ್ಲಿರೋ ಸರಕಿನ ಸ್ಥಿತಿಯನ್ನ ವಿಶೇಷವಾಗಿ ಗಮನಿಸಬೇಕು ಅಂತ. ಕಮಿಷನ್ ಆ ಸಾಲಿನ ಕಡೆ ತಿರುಗಿಯೂ ನೋಡಿರಲಿಲ್ಲ. ಕೋರ್ಟ್ ಅಧ್ಯಕ್ಷರು ಜೂನ್‌ನಲ್ಲೇ ಮಧ್ಯಂತರ ಆದೇಶ, ಅಂದ್ರೆ ಫೈನಲ್ ತೀರ್ಪಿನ ತನಕ ನಡೆಯೋ ತಾತ್ಕಾಲಿಕ ಆದೇಶ ಕೊಟ್ರು, 1990ರಲ್ಲಿ ಫೈನಲ್ ತೀರ್ಪು ಬಂತು, ದಾರಿಯಲ್ಲಿದ್ದ ಸರಕಿನ ಮಟ್ಟಿಗೆ ನಿರ್ಬಂಧ ರದ್ದು, ಮೇಲೆ ನಷ್ಟ ಪರಿಹಾರ.

ಒಂದೇ ದೇಶದ ಹಣ್ಣು. ಒಂದು ಕೇಸಲ್ಲಿ ಪೂರ್ತಿ ಸೋಲು, ಇನ್ನೊಂದ್ರಲ್ಲಿ ಗೆಲುವು. ನನ್ನ ಪ್ರಕಾರ ಫರಕು ಇಷ್ಟೇ, ಎರಡನೇ ಕಡೆ ಕಾನೂನಿನಲ್ಲೇ ಸಮುದ್ರದ ಮೇಲಿರೋ ಮಾಲಿನ ಬಗ್ಗೆ ಯಾರೋ ಮೊದಲೇ ಯೋಚನೆ ಮಾಡಿ ಒಂದು ಸಾಲು ಬರೆದಿಟ್ಟಿದ್ರು. ಈ ಒಂದು ಸಾಲನ್ನ ನೆನಪಿಟ್ಕೊಳ್ಳಿ, ಮತ್ತೆ ಇಲ್ಲಿಗೇ ಬರ್ತೀನಿ.

ಈಗ ನಮ್ಮ ಊರಿಗೆ ಬರೋಣ. ನೀವು ಬೆಂಗಳೂರಿನ ಸಿಂಗೇನ ಅಗ್ರಹಾರದ ಹಣ್ಣಿನ ಮಾರ್ಕೆಟ್‌ಗೆ ಬೆಳಗಿನ ಜಾವ ಹೋಗಿದ್ರೆ ನೋಡಿರ್ತೀರಿ, ಒಂದು ಕಡೆ ಹಿಮಾಚಲದ ಸೇಬು, ಪಕ್ಕದಲ್ಲೇ ಇರಾನ್, ಟರ್ಕಿ, ನ್ಯೂಜಿಲೆಂಡ್ ಡಬ್ಬಗಳು. ಆ ಡಬ್ಬ ಅಲ್ಲಿಗೆ ಬರಬೇಕಾದ್ರೆ ಎಷ್ಟು ಬಾಗಿಲು ದಾಟಬೇಕು ಗೊತ್ತಾ. ಮೊದಲನೇದು 1992ರ ವಿದೇಶಿ ವ್ಯಾಪಾರ ಕಾಯ್ದೆ. ಅದರ ಸೆಕ್ಷನ್ 3ರಲ್ಲಿ ಕೇಂದ್ರ ಸರ್ಕಾರ ಯಾವ ಸರಕನ್ನಾದ್ರೂ ನಿಷೇಧಿಸಬಹುದು, ನಿರ್ಬಂಧಿಸಬಹುದು ಅಂತಿದೆ, ಒಂದು ನೋಟಿಫಿಕೇಶನ್ ಸಾಕು, ರಾತ್ರೋರಾತ್ರಿ ಬರಬಹುದು. ಎರಡನೇದು 1962ರ ಕಸ್ಟಮ್ಸ್ ಕಾಯ್ದೆ, ಮೊದಲನೇ ಕಾಯ್ದೆಯ ಸೆಕ್ಷನ್ 3ರಲ್ಲಿ ತಡೆದ ಸರಕು ಕಸ್ಟಮ್ಸ್ ಕಾಯ್ದೆಯಲ್ಲೂ ನಿಷೇಧಿತ ಅಂತಲೇ ಲೆಕ್ಕ. ಮೂರನೇದು ಗಿಡದ ರೋಗ, ಕೀಟದ್ದು, 2003ರ ಪ್ಲಾಂಟ್ ಕ್ವಾರಂಟೈನ್ ಆದೇಶ, ಅದರ ತಾಯಿ ಕಾಯ್ದೆ 1914ರದ್ದು, ಬ್ರಿಟಿಷರ ಕಾಲದ್ದು. ನಾಲ್ಕನೇದು ಆಹಾರ ಸುರಕ್ಷತೆ. ಇದರಲ್ಲಿ ಯಾವ ಬಾಗಿಲು ಹಾಕಿದ್ರೂ ಹೊರಗೆ ನಿಂತಿರೋ ಹಣ್ಣಿಗೆ ಎಲ್ಲಾ ಒಂದೇ.

'ನಿಷೇಧ' ಅನ್ನೋ ಪದದ ಬಗ್ಗೆ ಒಂದು ಮಾತು ಹೇಳ್ಬಿಡ್ತೀನಿ, ಯಾಕಂದ್ರೆ ಅರ್ಧ ಕೇಸುಗಳು ಇದರ ಮೇಲೇ ನಿಂತಿವೆ. ನಿಷೇಧ ಬೇರೆ ನಿರ್ಬಂಧ ಬೇರೆ ಅಲ್ವಾ ಸಾರ್, ನನ್ನ ಮಾಲು ನಿಷೇಧಿತ ಅಲ್ಲ, ಕೋಟಾ ಮುಗಿದಿದೆ ಅಷ್ಟೇ ಅಂತ ಬರ್ತಾರೆ. 1970ರಲ್ಲೇ ಸುಪ್ರೀಂ ಕೋರ್ಟ್ ಇದಕ್ಕೆ ಉತ್ತರ ಹೇಳಿದೆ, ಶೇಖ್ ಮೊಹಮ್ಮದ್ ಒಮರ್ ಕೇಸಲ್ಲಿ. ಅದು ಹಣ್ಣಿನದ್ದಲ್ಲ, ಕಲ್ಕತ್ತಾಕ್ಕೆ ತರಿಸಿದ ಒಂದು ಹೆಣ್ಣು ಕುದುರೆಯದ್ದು. ಕಸ್ಟಮ್ಸ್ ಕಾಯ್ದೆಯಲ್ಲಿ 'ಯಾವುದೇ ನಿಷೇಧ' ಅಂದ್ರೆ ಎಲ್ಲಾ ಥರದ ನಿಷೇಧ, ಭಾಗಶಃ ನಿರ್ಬಂಧ ಕೂಡ ಒಂದು ಥರದ ನಿಷೇಧವೇ ಅಂತ ಕೋರ್ಟ್ ಹೇಳ್ತು. ಆ ಕುದುರೆ ಕೇಸು ಇವತ್ತಿಗೂ ಬೇಳೆ ಕಾಳಿನ ಕೇಸಲ್ಲಿ ಓಡ್ತಾ ಇದೆ.

ಸಮುದ್ರದ ಮೇಲಿರೋ ಮಾಲಿಗೆ ನಮ್ಮಲ್ಲಿ ರಕ್ಷಣೆ ಇಲ್ವಾ ಅಂದ್ರೆ, ಇದೆ, ಅರ್ಧಂಬರ್ಧ ಇದೆ. ವಿದೇಶಿ ವ್ಯಾಪಾರ ನೀತಿಯ ಪ್ಯಾರಾ 1.05. ನಿರ್ಬಂಧ ಬರೋ ಮೊದಲೇ ಹಡಗು ಹತ್ತಿದ ಮಾಲಿಗೆ ಸಾಮಾನ್ಯವಾಗಿ ಹಳೇ ನಿಯಮವೇ. ಆಮೇಲೆ ಹಡಗು ಹತ್ತೋ ಮಾಲಾದ್ರೆ, ನಿರ್ಬಂಧ ಬರೋ ಮೊದಲೇ ರದ್ದು ಮಾಡೋಕಾಗದಂಥ ಲೆಟರ್ ಆಫ್ ಕ್ರೆಡಿಟ್ (ಎಲ್‌ಸಿ, ಸಪ್ಲೈಯರ್‌ಗೆ ದುಡ್ಡು ಕೊಡ್ತೀವಿ ಅಂತ ಬ್ಯಾಂಕ್ ಕೊಡೋ ಭರವಸೆ ಪತ್ರ) ಓಪನ್ ಮಾಡಿದ್ರೆ, ಅದನ್ನ ನಿರ್ಬಂಧ ಬಂದ 15 ದಿನದೊಳಗೆ ಡಿಜಿಎಫ್‌ಟಿ, ಅಂದ್ರೆ ವಿದೇಶಿ ವ್ಯಾಪಾರ ಮಹಾನಿರ್ದೇಶನಾಲಯದ ಆಫೀಸಲ್ಲಿ ರಿಜಿಸ್ಟರ್ ಮಾಡಿಸಿದ್ರೆ, ಹಳೇ ನಿಯಮದಲ್ಲೇ ತರಬಹುದು. ಬೆಂಗಳೂರಿನವರಿಗೆ ಕೋರಮಂಗಲದ ಕೇಂದ್ರೀಯ ಸದನ. ಆದ್ರೆ ಹಣ್ಣಿನ ವ್ಯಾಪಾರದಲ್ಲಿರೋರು ಯಾರಾದ್ರೂ ಇಲ್ಲಿದ್ರೆ ಹೇಳಿ, ನಿಮ್ಮಲ್ಲಿ ಎಷ್ಟು ಜನ ಎಲ್‌ಸಿ ಓಪನ್ ಮಾಡ್ತೀರಿ? ವರ್ಷಾನುಗಟ್ಟಲೆ ಪರಿಚಯ ಇರೋ ಸಪ್ಲೈಯರ್, ಅರ್ಧ ದುಡ್ಡು ಅಡ್ವಾನ್ಸ್, ಅರ್ಧ ಮಾಲು ಮಾರಿದ ಮೇಲೆ, ಹೀಗೇ ನಡೆಯೋದು. ಅಂಥವರ ಇನ್ನೂ ಹಡಗು ಹತ್ತದ ಮಾಲಿಗೆ ಈ ಪ್ಯಾರಾ ಕೊಡೆ ಇದ್ದೂ ಮಳೆಯಲ್ಲಿ ನೆಂದ ಹಾಗೆ. ಅದರ ಮೇಲೆ ಕೆಲವು ನೋಟಿಫಿಕೇಶನ್‌ಗಳಲ್ಲಿ ಈ ಪ್ಯಾರಾದ ಅನುಕೂಲ ಇದಕ್ಕೆ ಅನ್ವಯಿಸಲ್ಲ ಅಂತಲೇ ಬರೆದುಬಿಡ್ತಾರೆ.

ಇಲ್ಲಿ ಸ್ವಲ್ಪ ನನ್ನ ಸ್ವಂತದ್ದು ಹೇಳ್ತೀನಿ. ನಾನು ವಕೀಲನಾಗಿ ಪ್ರಾಕ್ಟೀಸ್ ಶುರು ಮಾಡಿದ ಹೊಸತು. ಪರಿಚಯದ ಒಬ್ಬ ವ್ಯಾಪಾರಿದು ಕಿತ್ತಳೆ ಕಂಟೇನರ್ ಒಂದು ಬಂದರಲ್ಲಿ ನಿಂತುಹೋಯ್ತು, ಪೇಪರಿನಲ್ಲಿ ಒಂದು ಘೋಷಣೆ ಬರೆದಿದ್ದು ಸರಿ ಇಲ್ಲ ಅಂತ. ರೀಫರ್ ಕಂಟೇನರ್ ಅಂದ್ರೆ ದೊಡ್ಡ ಫ್ರಿಜ್, ಕರೆಂಟ್ ಹಾಕಿಡಬೇಕು, ಅದಕ್ಕೆ ದಿನಕ್ಕಿಷ್ಟು, ಜಾಗಕ್ಕೆ ದಿನಕ್ಕಿಷ್ಟು, ಕಂಟೇನರ್ ವಾಪಸ್ ಕೊಡದಿದ್ದಕ್ಕೆ ಹಡಗಿನವರಿಗೆ ದಿನಕ್ಕಿಷ್ಟು. ಹೈಕೋರ್ಟಲ್ಲಿ ರಿಟ್ ಅರ್ಜಿ ಹಾಕಿದ್ವಿ. ಮೊದಲ ದಿನ ಇನ್ನೊಂದು ಕಡೆಯವರು ಸೂಚನೆ ತಗೋಬೇಕು ಅಂತ ಟೈಮ್ ಕೇಳಿದ್ರು, ಒಂದು ವಾರ. ಆಮೇಲೆ ರಜೆ ಬಂತು. ಆಮೇಲೆ ಲಿಸ್ಟಲ್ಲಿ ಬಂದ್ರೂ ನಮ್ಮ ನಂಬರ್ ತನಕ ಬರಲಿಲ್ಲ. ಪ್ರತಿ ಸಂಜೆ ಆ ಮನುಷ್ಯ ಫೋನ್ ಮಾಡಿ ಏನೂ ಕೇಳ್ತಾ ಇರಲಿಲ್ಲ, ಸುಮ್ನೆ ಇವತ್ತಿಗೆ ಇಷ್ಟನೇ ದಿನ ಅಂತ ಹೇಳಿ ಇಡೋರು. ಕೊನೆಗೆ ಮಾಲು ಬಿಡಿ ಅಂತ ಆದೇಶ ಆಯ್ತು, ನಾವು ಗೆದ್ವಿ, ಬಾಗಿಲು ತೆಗೆದ್ರೆ ಒಳಗಿನ ವಾಸನೆಗೆ ಹತ್ತಿರ ನಿಲ್ಲೋಕಾಗಲಿಲ್ಲ. ಅದನ್ನ ನಾಶ ಮಾಡಿಸೋ ಖರ್ಚೂ ಅವರ ಮೇಲೇ ಬಿತ್ತು. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ್ರು ಅಂತಾರಲ್ಲ, ಹಾಗೆ. ಅವತ್ತಿಂದ ನನಗೆ ಈ ವಿಷಯ ತಲೆಯಿಂದ ಹೋಗಿಲ್ಲ.

ಕೊಳೆಯೋ ಸರಕಿನ ಕೇಸಲ್ಲಿ ಫೈನಲ್ ತೀರ್ಪು ಅನ್ನೋದು ಬರೀ ಕಾಗದ. ಮೊದಲ ದಿನ, ಮೊದಲ ಅರ್ಧ ಗಂಟೆಯಲ್ಲಿ ಜಡ್ಜ್ ಏನು ಮಧ್ಯಂತರ ಆದೇಶ ಕೊಡ್ತಾರೋ ಕೊಡಲ್ವೋ, ಅದೇ ಇಡೀ ಕೇಸು. ಕೊಟ್ರೆ ಮಾಲು ಮಾರ್ಕೆಟ್ ಸೇರಿ ಜನ ತಿಂದು ಮುಗಿಸಿರ್ತಾರೆ, ಆಮೇಲೆ ಸರ್ಕಾರ ಗೆದ್ದು ಏನು ಪ್ರಯೋಜನ, ಇಲ್ಲಿನ ರೈತನಿಗೆ ಆಗಬೇಕಾದ ನಷ್ಟ ಆಗಿಹೋಗಿದೆ. ಕೊಡಲಿಲ್ಲ ಅಂದ್ರೆ ಮಾಲು ಕೊಳೆತು ಹೋಗಿರುತ್ತೆ, ಆಮೇಲೆ ವ್ಯಾಪಾರಿ ಗೆದ್ದು ಏನು ಪ್ರಯೋಜನ. ಎರಡೂ ಕಡೆ ಹೀಗೇ. ಆದ್ರಿಂದ ನಾನು ಬರೀ ಇಂಪೋರ್ಟರ್ ಪರ ಮಾತಾಡ್ತಿದೀನಿ ಅಂದ್ಕೋಬೇಡಿ, ನಮ್ಮ ಮನೆಯಲ್ಲೂ ತೆಂಗು ಅಡಿಕೆ ಇದೆ, ಬೆಲೆ ಬಿದ್ದಾಗ ಮನೆಯಲ್ಲಿ ಯಾರೂ ಜೋರಾಗಿ ಮಾತಾಡದೇ ಇರೋ ದಿನಗಳು ನನಗೂ ಗೊತ್ತು.

ಮಧ್ಯಂತರ ಆದೇಶ ನಂಬ್ಕೊಂಡು ಏನಾಗುತ್ತೆ ಅನ್ನೋದಕ್ಕೆ ಬೇಳೆ ಕೇಸು ಹೇಳಲೇಬೇಕು. ಬೇಳೆ ಹಣ್ಣಿನ ಹಾಗೆ ವಾರದಲ್ಲಿ ಕೊಳೆಯಲ್ಲ ನಿಜ, ಹುಳ ಬೀಳುತ್ತೆ, ತೇವ ಹಿಡಿಯುತ್ತೆ, ಆದ್ರೆ ಪಾಠ ಒಂದೇ. 2019ರ ಮಾರ್ಚ್ 29ಕ್ಕೆ ಕೇಂದ್ರ ಸರ್ಕಾರ ಬಟಾಣಿ, ತೊಗರಿ, ಹೆಸರು, ಉದ್ದಿಗೆ ವರ್ಷಕ್ಕೆ ಇಷ್ಟೇ ಅಂತ ಕೋಟಾ ಹಾಕ್ತು, ತೊಗರಿಗೆ 2 ಲಕ್ಷ ಟನ್, ಬಟಾಣಿಗೆ ಒಂದೂವರೆ ಲಕ್ಷ ಟನ್. ಕಲಬುರಗಿ ಕಡೆಯವರಿಗೆ ಇದು ಎಷ್ಟು ದೊಡ್ಡ ವಿಷಯ ಅಂತ ನಾನು ಹೇಳಬೇಕಿಲ್ಲ, ತೊಗರಿಯ ಕಣಜ ಅದು. ಇಂಪೋರ್ಟರ್‌ಗಳು ರಾಜಸ್ಥಾನ ಹೈಕೋರ್ಟಿಗೆ ಹೋಗಿ ಮಧ್ಯಂತರ ಆದೇಶ ತಗೊಂಡ್ರು, ಆ ಆದೇಶ ಕೈಯಲ್ಲಿ ಹಿಡ್ಕೊಂಡು ಹಡಗುಗಟ್ಟಲೆ ಹಳದಿ ಬಟಾಣಿ ತರಿಸಿದ್ರು.

ಅವರ ವಾದದಲ್ಲಿ ಸತ್ವ ಇರಲಿಲ್ಲ ಅಂತ ನಾನು ಹೇಳಲ್ಲ. ವಿದೇಶಿ ವ್ಯಾಪಾರ ಕಾಯ್ದೆಗೆ 2010ರಲ್ಲಿ ಸೆಕ್ಷನ್ 9ಎ ಅಂತ ಸೇರಿಸಿದಾರೆ, ಆಮದು ವಿಪರೀತ ಆಗಿ ದೇಶದ ಉತ್ಪಾದಕರಿಗೆ ಗಂಭೀರ ಪೆಟ್ಟು ಬಿದ್ರೆ ವಿಚಾರಣೆ ಮಾಡಿ ಪ್ರಮಾಣದ ಮಿತಿ ಹಾಕಬಹುದು ಅಂತ. ಕೋಟಾ ಹಾಕಬೇಕು ಅಂದ್ರೆ ಆ ದಾರಿಯಲ್ಲೇ, ವಿಚಾರಣೆ ಮಾಡಿಯೇ ಹಾಕಬೇಕು, ಸೆಕ್ಷನ್ 3 ಅನ್ನೋ ಅಡ್ಡದಾರಿ ಹಿಡಿಯಂಗಿಲ್ಲ ಅನ್ನೋದು ಅವರ ಮಾತು. 2020ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಅಗ್ರಿಕಾಸ್ ಕೇಸಲ್ಲಿ ಇದನ್ನ ಒಪ್ಪಲಿಲ್ಲ. 9ಎ ಒಂದು ದಾರಿ ಅಷ್ಟೇ, ಸೆಕ್ಷನ್ 3ರ ಅಧಿಕಾರ ಅದರಿಂದ ಕಮ್ಮಿ ಆಗಲ್ಲ, ಮಧ್ಯಂತರ ಆದೇಶದ ಮೇಲೆ ತಂದ ಮಾಲು ಕೂಡ ನೋಟಿಫಿಕೇಶನ್‌ಗೆ ವಿರುದ್ಧವಾಗಿ ತಂದದ್ದೇ ಅಂತ ಹೇಳ್ತು. 2021ರ ಜೂನ್‌ನಲ್ಲಿ ರಾಜ್ ಗ್ರೋ ಇಂಪೆಕ್ಸ್ ಕೇಸು ಬಂತು. ಆಗ ಪ್ರಶ್ನೆ ಏನಂದ್ರೆ, ಆಯ್ತು, ತಪ್ಪೇ ಆಯ್ತು, ದಂಡ ಕಟ್ಟಿಸ್ಕೊಂಡು ಬಟಾಣಿ ಬಿಡಬಹುದಲ್ವಾ, ಕಸ್ಟಮ್ಸ್ ಕಾಯ್ದೆ ಸೆಕ್ಷನ್ 125ರಲ್ಲಿ ಅವಕಾಶ ಇದೆಯಲ್ಲ ಅಂತ. ಬಾಂಬೆ ಹೈಕೋರ್ಟ್ ಬಿಡಿ ಅಂದಿತ್ತು. ಸುಪ್ರೀಂ ಕೋರ್ಟ್ ಇಲ್ಲ ಅಂತು. ಪೂರ್ತಿ ಮುಟ್ಟುಗೋಲು, ಬೇಕಿದ್ರೆ ದಂಡ ಕಟ್ಟಿ ದೇಶದ ಹೊರಗೆ ವಾಪಸ್ ತಗೊಂಡು ಹೋಗಿ, ಇಲ್ಲಿನ ಮಾರ್ಕೆಟ್‌ಗೆ ಬಿಡಂಗಿಲ್ಲ. ಇಂಪೋರ್ಟರ್ ಸ್ವಂತ ಹಿತ ಒಂದು ಕಡೆ, ದೇಶದ ಆರ್ಥಿಕತೆ, ಅದರಲ್ಲೂ ರೈತರ ಹಿತ ಇನ್ನೊಂದು ಕಡೆ ಇಟ್ಟು ತೂಗಿದ್ರೆ ರೈತರ ಕಡೆಯೇ ತೂಕ ಅನ್ನೋದು ಆ ತೀರ್ಪಿನ ಜೀವ.

ನಮ್ಮ ಅಜ್ಜಿ ಹೇಳೋರು, ಎರವಲು ಒಡವೆ ಹಾಕ್ಕೊಂಡು ಮದುವೆಗೆ ಹೋದ್ರೆ ಊಟಕ್ಕೆ ಕೂತಾಗಲೂ ಕೈ ಕುತ್ತಿಗೆ ಮೇಲೇ ಇರುತ್ತೆ ಅಂತ. ಮಧ್ಯಂತರ ಆದೇಶ ಅಂದ್ರೆ ಎರವಲು ಒಡವೆ. ವಾಪಸ್ ಕೊಡಬೇಕಾಗಿ ಬರಬಹುದು ಅನ್ನೋದನ್ನ ಲೆಕ್ಕ ಹಾಕ್ಕೊಂಡೇ ತಗೋಬೇಕು.

ಆ ತೀರ್ಪು ನನಗೆ ಫಲಿತಾಂಶದ ದೃಷ್ಟಿಯಿಂದ ಸರಿ ಅನ್ಸುತ್ತೆ. ಆದ್ರೆ ಒಂದು ಕಡೆ ನೋವೂ ಇದೆ. 2021ರ ಮೇ ತಿಂಗಳಲ್ಲೇ, ಅಂದ್ರೆ ಆ ತೀರ್ಪಿಗೆ ಒಂದು ತಿಂಗಳು ಮೊದಲೇ, ಸರ್ಕಾರ ತೊಗರಿ, ಹೆಸರು, ಉದ್ದನ್ನ ಮುಕ್ತ ಆಮದಿಗೆ ಬಿಟ್ಟಿತ್ತು. 2023ರ ಡಿಸೆಂಬರ್‌ನಲ್ಲಿ ಹಳದಿ ಬಟಾಣಿಯನ್ನೂ ಬಿಡ್ತು, ಸುಂಕ ಕೂಡ ಇಲ್ಲದೆ. ಯಾವ ರೈತರ ಹಿತ ಅಂತ ಕೋರ್ಟ್ ಅಷ್ಟು ಗಟ್ಟಿಯಾಗಿ ಹೇಳ್ತೋ ಆ ರೈತರೇ ಈಗ ಸಾರ್ ಬೆಲೆ ಬಿದ್ದೋಯ್ತು ಅಂತಿದಾರೆ. ಅಧಿಕಾರ ಸರ್ಕಾರದ್ದು ಅಂತ ಕೋರ್ಟ್ ಹೇಳಿದ್ರೆ, ಹಾಕೋ ಅಧಿಕಾರದ ಜೊತೆ ತೆಗೆಯೋ ಅಧಿಕಾರವೂ ಸರ್ಕಾರದ್ದೇ ಆಗುತ್ತೆ, ಇದು ತುಂಬಾ ಜನಕ್ಕೆ ಅರ್ಥ ಆಗಿಲ್ಲ.

ತೆಂಗಿನ ವಿಷಯ ಬೇಗ ಹೇಳ್ತೀನಿ, ತಿಪಟೂರು ಕಡೆಯವರು ತುಂಬಾ ಜನ ಬಂದಿದೀರಿ. ಕೇರಳದ ಬಂದರುಗಳಲ್ಲಿ ತಾಳೆ ಎಣ್ಣೆ ಇಳಿಸಂಗಿಲ್ಲ ಅಂತ ಕೇಂದ್ರ ಒಂದು ನಿರ್ಬಂಧ ತಂದಿತ್ತು, ಅಲ್ಲಿನ ತೆಂಗು ಬೆಳೆಗಾರರ ಸಲುವಾಗಿ. ಬೇರೆ ಬಂದರಲ್ಲಿ ಇಳಿಸಬಹುದು, ಇಲ್ಲಿ ಮಾತ್ರ ಆಗಲ್ಲ, ಇದು ತಾರತಮ್ಯ ಅಲ್ವಾ ಅಂತ ಪ್ಯಾರಿಸನ್ಸ್ ಅಗ್ರೋಟೆಕ್ ಅನ್ನೋ ಕಂಪನಿ ಸುಪ್ರೀಂ ಕೋರ್ಟ್ ತನಕ ಹೋಯ್ತು. 2015ರಲ್ಲಿ ಕೋರ್ಟ್, ನೀತಿಗೆ ಒಂದು ಕಾರಣ ಇದೆ, ಅದಕ್ಕೂ ಉದ್ದೇಶಕ್ಕೂ ಸಂಬಂಧ ಇದೆ, ನಾವು ಕೈ ಹಾಕಲ್ಲ ಅಂತು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಸೇಬನ್ನ ಮುಂಬೈ ಪಕ್ಕದ ನ್ಹಾವಾ ಶೇವಾ ಬಂದರಲ್ಲಿ ಮಾತ್ರ ಇಳಿಸಬೇಕು ಅಂತ ಇನ್ನೊಂದು ನೋಟಿಫಿಕೇಶನ್ ಬಂತು, ಚೆನ್ನೈನಲ್ಲಿ ಇಳಿಸಿ ರಾತ್ರಿ ಲಾರಿಯಲ್ಲಿ ಬೆಂಗಳೂರಿಗೆ ತರ್ತಿದ್ದೋರು ಮುಂಬೈಯಿಂದ ತರಬೇಕಾಯ್ತು, ಕೆಲವು ತಿಂಗಳಿಗೇ ಸರ್ಕಾರವೇ ಚೆನ್ನೈ, ಕೊಚ್ಚಿ, ಕೋಲ್ಕತ್ತ ಎಲ್ಲಾ ವಾಪಸ್ ಸೇರಿಸ್ತು. ತಾಳೆ ಎಣ್ಣೆ ತಡೆದದ್ದಕ್ಕೆ ಒಂದು ಅರ್ಥ ಇತ್ತು. ಒಂದೇ ಬಂದರಿಗೆ ಸೇಬು ತಳ್ಳಿದ್ದಕ್ಕೆ ಏನು ಅರ್ಥ ಅಂತ ನನಗೆ ಇವತ್ತಿಗೂ ಗೊತ್ತಾಗಿಲ್ಲ.

ಗಡಿಯಾರದ ಕೇಸು ಒಂದಿದೆ, ನನಗೆ ತುಂಬಾ ಇಷ್ಟ. 2019ರ ಫೆಬ್ರವರಿ 16, ಪುಲ್ವಾಮಾ ದಾಳಿ ಆಗಿ ಎರಡು ದಿನ. ಪಾಕಿಸ್ತಾನದ ಎಲ್ಲಾ ಸರಕಿಗೆ ಶೇಕಡ 200 ಸುಂಕ ಅಂತ ನೋಟಿಫಿಕೇಶನ್ ಬಂತು. ಅಟಾರಿ ಗಡಿಯಲ್ಲಿ ಅವತ್ತು ಹಗಲು ಹೊತ್ತಲ್ಲೇ ಒಣ ಖರ್ಜೂರ ಮುಂತಾದ ಸರಕು ತಂದು ಪೇಪರ್ ಎಲ್ಲಾ ಕೊಟ್ಟಿದ್ದವರಿಗೆ ಕಸ್ಟಮ್ಸ್‌ನವರು, ಇವತ್ತಿನ ತಾರೀಖಿನ ನೋಟಿಫಿಕೇಶನ್, ನಿಮಗೂ 200 ಅನ್ವಯ ಅಂದ್ರು. ಕೇಸು ಸುಪ್ರೀಂ ಕೋರ್ಟ್ ತನಕ ಹೋಯ್ತು, ಜಿ.ಎಸ್. ಚಠಾ ರೈಸ್ ಮಿಲ್ಸ್ ಅಂತ. ನೋಟಿಫಿಕೇಶನ್ ಸರ್ಕಾರದ ಆನ್‌ಲೈನ್ ರಾಜ್ಯಪತ್ರ ಇ-ಗೆಜೆಟ್‌ನಲ್ಲಿ ಅಪ್‌ಲೋಡ್ ಆದ ಸಮಯ ರಾತ್ರಿ 8 ಗಂಟೆ 46 ನಿಮಿಷ 58 ಸೆಕೆಂಡ್. ಆ ಕ್ಷಣದಿಂದ ಮಾತ್ರ ಅದು ಕಾನೂನು, ಅದಕ್ಕೆ ಮೊದಲು ಪೇಪರ್ ಕೊಟ್ಟವರಿಗೆ ಹಳೇ ಸುಂಕವೇ ಅಂತ 2020ರ ಸೆಪ್ಟೆಂಬರ್‌ನಲ್ಲಿ ತೀರ್ಪು ಬಂತು. ಸೆಕೆಂಡಿನ ಲೆಕ್ಕ ನೋಡಿ. ದೇಶ ಅಷ್ಟು ಸಿಟ್ಟಲ್ಲಿದ್ದ ಹೊತ್ತಲ್ಲಿ ಬಂದ ನೋಟಿಫಿಕೇಶನ್, ಆದ್ರೂ ಕೋರ್ಟ್ ಗಡಿಯಾರ ನೋಡ್ತು. ಕಾನೂನು ಜನರಿಗೆ ಗೊತ್ತಾಗೋ ಮೊದಲು ಜನರ ಮೇಲೆ ಬೀಳಬಾರದು ಅನ್ನೋದು ಸಣ್ಣ ಮಾತಲ್ಲ.

ವಿಶ್ವ ವ್ಯಾಪಾರ ಸಂಸ್ಥೆ, ಅಂದ್ರೆ ಡಬ್ಲ್ಯುಟಿಒ ಇರೋ ಜಿನೀವಾಕ್ಕೂ ಒಂದು ಸುತ್ತು ಹೋಗಿ ಬರೋಣ. ದೇಶ ದೇಶಗಳ ನಡುವಿನ ವ್ಯಾಪಾರಕ್ಕೆ ನಿಯಮ ಹಾಕಿದ 1947ರ ಗ್ಯಾಟ್ ಒಪ್ಪಂದದ 11ನೇ ವಿಧಿ ಆಮದಿಗೆ ಪ್ರಮಾಣದ ಮಿತಿ ಹಾಕಬಾರದು ಅನ್ನುತ್ತೆ. ಆದ್ರೆ ಅದರಲ್ಲೇ ಕೃಷಿಗೆ ಒಂದು ಕಿಂಡಿ ಬಿಟ್ಟಿದ್ರು, ದೇಶದೊಳಗೇ ಸರ್ಕಾರ ಒಂದು ಬೆಳೆಯ ಉತ್ಪಾದನೆಗೆ ಮಿತಿ ಹಾಕಿದ್ರೆ ಆಮದಿಗೂ ಮಿತಿ ಹಾಕಬಹುದು ಅಂತ, ಜೊತೆಗೆ ಟಿಪ್ಪಣಿಯಲ್ಲಿ, ತಾಜಾ ಸರಕಿನ ಜೊತೆ ನೇರವಾಗಿ ಸ್ಪರ್ಧೆ ಮಾಡೋ, ಸ್ವಲ್ಪವೇ ಸಂಸ್ಕರಿಸಿದ, ಇನ್ನೂ ಕೊಳೆಯೋ ಸ್ಥಿತಿಯಲ್ಲಿರೋ ಪದಾರ್ಥವೂ ಇದರಲ್ಲಿ ಸೇರುತ್ತೆ ಅಂತ ಬರೆದಿದ್ರು. ಕೆನಡಾ ಹಾಲಿನ ರೈತರನ್ನ ಉಳಿಸೋಕೆ ಐಸ್‌ಕ್ರೀಮ್ ಮೊಸರು ತಡೆದಾಗ 1989ರಲ್ಲಿ ಗ್ಯಾಟ್‌ನ ವಿವಾದ ಸಮಿತಿ, ಐಸ್‌ಕ್ರೀಮನ್ನ ಈ ಲೆಕ್ಕಕ್ಕೆ ತರೋಕಾಗಲ್ಲ ಅಂತ ಕೆನಡಾ ವಿರುದ್ಧ ಹೇಳ್ತು. ಕಿಂಡಿ ಮೊದಲೇ ಸಣ್ಣದು. 1995ರಲ್ಲಿ ಡಬ್ಲ್ಯುಟಿಒ ಕೃಷಿ ಒಪ್ಪಂದ ಬಂದ ಮೇಲೆ ಅದೂ ಮುಚ್ಚಿತು. ಗೊತ್ತಾಗಿದ್ದು ಇಂಡೋನೇಷ್ಯಾ ಕೇಸಲ್ಲಿ, 2017ರ ನವೆಂಬರ್‌ನಲ್ಲಿ. ಆ ದೇಶ ಏನೇನು ಮಾಡಿತ್ತು ಕೇಳಿ, ಸುಗ್ಗಿ ಕಾಲದಲ್ಲಿ ಹಣ್ಣು ತರಕಾರಿ ಆಮದು ಇಲ್ಲ, ಕೊಯ್ದು ಆರು ತಿಂಗಳಿಗಿಂತ ಹಳೇದಾದ ಹಣ್ಣು ಬೇಡ, ಇಂಪೋರ್ಟರ್‌ಗೆ ಸ್ವಂತ ಗೋಡೌನ್ ಇರಲೇಬೇಕು, ಮೆಣಸಿನಕಾಯಿ ಮತ್ತು ಸಣ್ಣ ಈರುಳ್ಳಿ ಬೆಲೆ ಒಂದು ಮಟ್ಟಕ್ಕಿಂತ ಕೆಳಗೆ ಬಿದ್ರೆ ಆಮದು ತಾನಾಗೇ ನಿಲ್ಲುತ್ತೆ. ಕೋಲಾರದ ಟೊಮೆಟೊ ಬೆಳೆಗಾರನನ್ನ ಕೇಳಿದ್ರೆ ಇದರಲ್ಲಿ ತಪ್ಪೇನಿದೆ ಅಂತಾನೆ. ನ್ಯೂಜಿಲೆಂಡ್, ಅಮೆರಿಕ ಕೇಸ್ ಹಾಕಿ ಹದಿನೆಂಟೂ ಕ್ರಮಗಳ ಮೇಲೆ ಗೆದ್ದವು.

ಡಬ್ಲ್ಯುಟಿಒದಲ್ಲಿ ರೋಗದ ಕಾರಣ ಹೇಳಿದ್ರೆ ವಿಜ್ಞಾನ ತೋರಿಸಬೇಕು. ಆಸ್ಟ್ರೇಲಿಯಾ ನ್ಯೂಜಿಲೆಂಡ್ ಸೇಬನ್ನ 1921ರಿಂದ ತಡೆದಿತ್ತು, ಫೈರ್ ಬ್ಲೈಟ್ ಅನ್ನೋ ರೋಗದ ಭಯಕ್ಕೆ, 2010ರಲ್ಲಿ ಸೋತು 2011ರಲ್ಲಿ ಬಾಗಿಲು ತೆಗೀಬೇಕಾಯ್ತು, ತೊಂಬತ್ತು ವರ್ಷ. ನಾವೂ ಸೋತಿದೀವಿ. ಹಕ್ಕಿ ಜ್ವರ ಎಲ್ಲೇ ಕಾಣಿಸಿಕೊಂಡ್ರೂ ಆ ಇಡೀ ದೇಶದ ಕೋಳಿ, ಮೊಟ್ಟೆ ಬೇಡ ಅಂತ ನಮ್ಮ ಸರ್ಕಾರದ ನಿಯಮ ಇತ್ತು, ಅದೇ ನಮ್ಮ ದೇಶದೊಳಗೆ ಜ್ವರ ಬಂದ್ರೆ ಆ ಜಾಗದ ಸುತ್ತ ಮಾತ್ರ ನಿರ್ಬಂಧ. ಅಮೆರಿಕ 2012ರಲ್ಲಿ ಕೇಸ್ ಹಾಕಿ 2015ರಲ್ಲಿ ಗೆಲ್ತು. ಅಪಾಯದ ಮೌಲ್ಯಮಾಪನ ಎಲ್ಲಿ ಅಂತ ಕೇಳಿದಾಗ ನಮ್ಮ ಹತ್ರ ಕೊಡೋಕೆ ಕಾಗದ ಇರಲಿಲ್ಲ. ನನಗೆ ಇದು ಬೇಜಾರಾಗೋ ವಿಷಯ, ಯಾಕಂದ್ರೆ ನಮ್ಮ ಕೋಳಿ ಸಾಕೋರ ಕಷ್ಟ ನಿಜ, ಅದನ್ನ ಕಾಪಾಡೋಕೆ ಬೇಕಾದ ಹೋಂವರ್ಕ್ ಯಾರೂ ಮಾಡಲಿಲ್ಲ.

ರೈತರೇ ಕೋರ್ಟಿಗೆ ಹೋದ್ರೆ? ಹೋಗಿದಾರೆ. ಮೆಕ್ಸಿಕೊದಲ್ಲಿ ಅಮೆರಿಕದ ತಾಜಾ ಆಲೂಗಡ್ಡೆಗೆ ಗಡಿಯಿಂದ 26 ಕಿಲೋಮೀಟರ್ ಒಳಗೆ ಮಾತ್ರ ಪ್ರವೇಶ ಇತ್ತು. 2014ರಲ್ಲಿ ಸರ್ಕಾರ ಇಡೀ ದೇಶಕ್ಕೆ ಬಿಟ್ಟಾಗ ಅಲ್ಲಿನ ಬೆಳೆಗಾರರು ತಡೆಯಾಜ್ಞೆ ತಂದ್ರು, ಸುಮಾರು ಏಳು ವರ್ಷ ಆಲೂಗಡ್ಡೆ ಆ 26 ಕಿಲೋಮೀಟರ್ ಗೆರೆ ದಾಟಲಿಲ್ಲ. 2021ರ ಏಪ್ರಿಲ್‌ನಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಸರ್ಕಾರಕ್ಕೆ ಆ ಅಧಿಕಾರ ಇದೆ ಅಂತ ಹೇಳ್ತು, 2022ರಲ್ಲಿ ಲಾರಿಗಳು ಹೊರಟವು. ಸೋತ್ರು ನಿಜ, ಏಳು ವರ್ಷ ಸಿಕ್ತು, ಅದು ಮಧ್ಯಂತರ ಆದೇಶದ ಇನ್ನೊಂದು ಮುಖ. ನಮ್ಮಲ್ಲೂ 2025ರಲ್ಲಿ ಒಂದು ರೈತ ಸಂಘಟನೆ ಹಳದಿ ಬಟಾಣಿ ಆಮದಿನ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋಗಿ ಕೇಂದ್ರಕ್ಕೆ ನೋಟಿಸ್ ಆಗಿದೆ.

ಮಲೆನಾಡಿನವರು ಪದೇ ಪದೇ ಕೇಳೋದು, ರಾಜ್ಯ ಸರ್ಕಾರ ಯಾಕೆ ಅಡಿಕೆ ಆಮದು ನಿಲ್ಲಿಸಲ್ಲ ಅಂತ. ನಿಲ್ಲಿಸೋಕಾಗಲ್ಲ. ಸಂವಿಧಾನದ ಕೇಂದ್ರ ಪಟ್ಟಿಯ 41ನೇ ನಮೂದು, ವಿದೇಶಿ ವ್ಯಾಪಾರ ಪೂರ್ತಿ ಕೇಂದ್ರದ್ದು. ಕೃಷಿ ರಾಜ್ಯದ್ದು, ಬೆಳೆಯೋದು ಇಲ್ಲಿ, ಬಾಗಿಲ ಕೀಲಿ ದೆಹಲಿಯಲ್ಲಿ. 2023ರ ಫೆಬ್ರವರಿಯಿಂದ ಅಡಿಕೆಗೆ ಕಿಲೋಗೆ 351 ರೂಪಾಯಿ ಕನಿಷ್ಠ ಆಮದು ಬೆಲೆ ಇದೆ, ಅದಕ್ಕಿಂತ ಕಮ್ಮಿ ಬೆಲೆಯದ್ದು ನಿಷೇಧ. ಆದ್ರೆ ಅದಕ್ಕೆ ಮೊದಲೇ, 2022ರ ಸೆಪ್ಟೆಂಬರ್‌ನಲ್ಲಿ, ಭೂತಾನದಿಂದ 17,000 ಟನ್ ಹಸಿ ಅಡಿಕೆ ಕನಿಷ್ಠ ಬೆಲೆ ಇಲ್ಲದೆ ಬರಲಿ ಅಂತ ಬಿಟ್ಟಿದಾರೆ. ಆಮೇಲೆ ಹುರಿದ ಅಡಿಕೆ ಅಂತ ಬೇರೆ ಕಸ್ಟಮ್ಸ್ ಕೋಡ್‌ನಲ್ಲಿ ತರೋರು ಶುರುವಾದ್ರು, 2025ರಲ್ಲಿ ಅದಕ್ಕೂ ನಿರ್ಬಂಧ ಬಂತು. ಬೇಲಿ ಹಾಕಿದ ಕಡೆಯೆಲ್ಲಾ ಒಂದು ಸಂದಿ.

ನನಗೆ ಬೇಕಾಗಿರೋದು ಮೂರ್ನಾಲ್ಕೇ. ಆ ಯುರೋಪಿನ ಒಂದು ಸಾಲು ಬರೀ ನೀತಿಯಲ್ಲಲ್ಲ, ನಮ್ಮ ಕಾಯ್ದೆಯಲ್ಲೇ ಇರಲಿ, ಒಂದು ನೋಟಿಫಿಕೇಶನ್‌ನಲ್ಲಿ ಅನ್ವಯಿಸಲ್ಲ ಅಂತ ಬರೆಯೋಕಾಗದ ಹಾಗೆ, ಹಡಗು ಹತ್ತಿದ ದಾಖಲೆ ಇರೋ ಕೊಳೆಯೋ ಮಾಲಿಗೆಲ್ಲಾ. ನಿರ್ಬಂಧದ ಜೊತೆ ಕಾರಣ ಬರೆದು ಹಾಕಲಿ, ನಾಳೆ ಹೈಕೋರ್ಟಲ್ಲೋ ಜಿನೀವಾದಲ್ಲೋ ಕೇಳಿದಾಗ ಹುಡುಕಾಡೋ ಬದಲು. ಕೊಳೆಯೋ ಸರಕಿನ ರಿಟ್ ಎರಡು ದಿನದೊಳಗೆ ಕೇಳಲಿ. ವಿವಾದ ದುಡ್ಡಿನದ್ದೋ ಪೇಪರಿನದ್ದೋ ಆಗಿದ್ರೆ, ರೋಗದ್ದಲ್ಲ ಅಂದ್ರೆ, ಮಾಲು ಮಾರಿ ದುಡ್ಡನ್ನ ಕೋರ್ಟಲ್ಲಿ ಇಡಲಿ. ಇದು ಹೊಸದೇನಲ್ಲ, ಕಸ್ಟಮ್ಸ್ ಕಾಯ್ದೆ ಸೆಕ್ಷನ್ 48ರಲ್ಲಿ ಕ್ಲಿಯರ್ ಆಗದೇ ಉಳಿದ ಮಾಲನ್ನ 30 ದಿನ ಕಾಯದೇ ಮಾರೋ ಅವಕಾಶ ಕೊಳೆಯೋ ಸರಕಿಗೆ ಈಗಲೇ ಇದೆ, ವಶಪಡಿಸಿಕೊಂಡ ಮಾಲಿಗೆ ಸೆಕ್ಷನ್ 110ರಲ್ಲಿದೆ. ಕೇಳೋರು ಕಮ್ಮಿ. ಅವತ್ತು ಆ ಕಿತ್ತಳೆ ಕೇಸಲ್ಲಿ ನಾನೂ ಇದನ್ನ ಕೇಳಿರಲಿಲ್ಲ, ಮಾಲು ಬಿಡಿ ಅಂತ ಮಾತ್ರ ಕೇಳ್ತಾ ಕೂತೆ, ಮಾರಿ ದುಡ್ಡು ಇಡಿ ಅಂತ ಕೇಳಿದ್ರೆ ಅರ್ಧವಾದ್ರೂ ಉಳೀತಿತ್ತು.

ಹಿಂದಿನ ಸಾಲಿನಲ್ಲಿ ಒಬ್ಬರು ಚೀಟಿ ಕಳಿಸಿದಾರೆ, ಇಂಪೋರ್ಟರ್‌ಗೂ ಸರ್ಕಾರಕ್ಕೂ ಕೇಸ್ ನಡೆಯುವಾಗ ಬೆಳೆಗಾರರು ಎಲ್ಲಿ ಕೂರಬೇಕು ಅಂತ. ಒಳ್ಳೇ ಪ್ರಶ್ನೆ. ನಿಮ್ಮ ಸಂಘದ ಹೆಸರಲ್ಲಿ ನಮ್ಮನ್ನೂ ಪ್ರತಿವಾದಿ ಮಾಡಿ ಅಂತ ಅರ್ಜಿ ಹಾಕಬಹುದು, ಮಧ್ಯಂತರ ಆದೇಶ ಆಗೋ ಮೊದಲೇ ಹಾಕಬೇಕು, ಆಮೇಲೆ ಹಾಕಿದ್ರೆ ಪ್ರಯೋಜನ ಕಮ್ಮಿ. ಬರೋವಾಗ ಭಾಷಣ ತರಬೇಡಿ, ಎಪಿಎಂಸಿಯ ಕಳೆದ ಮೂರು ವರ್ಷದ ಧಾರಣೆ ಪಟ್ಟಿ ತನ್ನಿ, ಆವಕ ಎಷ್ಟಿತ್ತು ತನ್ನಿ, ಆಮದು ಬಂದ ವಾರ ಬೆಲೆ ಎಷ್ಟಕ್ಕೆ ಇಳೀತು ಅನ್ನೋದನ್ನ ತಾರೀಖು ಸಮೇತ ಬರ್ಕೊಂಡು ತನ್ನಿ. ತಿಪಟೂರಿನವರ ಹತ್ರ ಕೊಬ್ಬರಿಯದ್ದು ಇದ್ದೇ ಇರುತ್ತೆ, ಹರಾಜಿನ ಚೀಟಿ ಯಾರೂ ಬಿಸಾಕಬೇಡಿ.